ಅರಳಿ ಎಲೆ ಬರೆದ ಹುಡುಗ

ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ತಂದೆ ಹೆಡ್‌ಮಾಸ್ಟರು, ಗಂಡುಮಕ್ಕಳಲ್ಲಿ ಇವನೇ ಕೊನೆಯವನು. ಕಾದಂಬರಿಕಾರ ಆರ್. ಕೆ. ನಾರಾಯಣ್ ಇವನ ಅಣ್ಣ. ಓದಲು ಬರುವ ಮೊದಲೇ ‘ಪಂಚ್’, ‘ಸ್ಟ್ರಾಂಡ್’ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದ. ಆಮೇಲೆ ತಾನೇ ಚಿತ್ರ ಬರೆಯತೊಡಗಿ, ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡಲಿಲ್ಲ! ಒಮ್ಮೆ ಶಾಲೆಯಲ್ಲಿ ಇವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿಕೊಂಡರು. ತಾನು ಚಿತ್ರಗಾರನಾಗುವವನು ಎಂದು ಹುಡುಗನಿಗೆ ಅನ್ನಿಸತೊಡಗಿದ್ದು ಆಗ.

ಕಿಟಕಿಯಾಚೆ ಕಂಡದ್ದೆಲ್ಲ ಕಾಗದಕ್ಕೆ ಬಂತು: ಒಣಕಡ್ಡಿ, ಸೌದೆ ಒಡೆಯುವ ಆಳು, ಎದುರುಮನೆಯ ಮಾಡಿನ ಮೇಲಿನ ಕಾಗೆಗಳು. ನವಿಲನ್ನು ಯಾರು ಬೇಕಾದರೂ ಮೆಚ್ಚುತ್ತಾರೆ. ಕಾಗೆ ಕತ್ತು ಓರೆ ಮಾಡುವ ಠೀವಿ ಕಾಣಲು ಇಂಥ ಕಣ್ಣೇ ಬೇಕು.

ಇವನ ಮೆಚ್ಚಿನ ವ್ಯಂಗ್ಯಚಿತ್ರಕಾರ ಬ್ರಿಟನ್ನಿನ ಡೇವಿಡ್ ಲೋ. ಪತ್ರಿಕೆಯಲ್ಲಿ ‘Low’ ಎಂದಿರುತ್ತಿದ್ದ ಅವರ ಸಹಿಯನ್ನು ಹುಡುಗ ಬಹಳ ದಿನ ‘ಕೌ’ (Cow) ಎಂದೇ ಓದಿಕೊಂಡಿದ್ದನಂತೆ. ಕೌ ಎಂದರೆ ಹಸು!

ಮುಂದೆ ಮುಂಬಯಿಯ ಜೆ. ಜೆ. ಕಲಾಶಾಲೆ ಪ್ರತಿಭೆ ಸಾಲದೆಂದು ಸೇರಿಸಿಕೊಳ್ಳಲಿಲ್ಲ. ಲಕ್ಷ್ಮಣ್ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಅವರ ವ್ಯಂಗ್ಯಚಿತ್ರಗಳ ಪಾತ್ರವಾದ, ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ದಶಕಗಳ ಕಾಲ ಮೂಕನಾಗಿಯೇ ದೇಶವನ್ನು ನಗಿಸಿದ. ಕಾಗೆಗಳನ್ನು ಬರೆಯುವುದನ್ನಂತೂ ಲಕ್ಷ್ಮಣ್ ದೊಡ್ಡವರಾದ ಮೇಲೂ ಬಿಡಲಿಲ್ಲ.