ಫ್ಯಾಮಿಲಿ ಕಾರು: ಮೈಲೇಜ್ ಕೇಳುವ ಮೊದಲು ಏನು ಕೇಳಬೇಕು? ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದೇ ದಿನ ಎರಡು ಸಂದೇಶಗಳು ಬಂದವು. ಮೊದಲನೆಯದು ಫಾರ್ವರ್ಡ್: ‘ಬಿಸಿಲು ಜಾಸ್ತಿ ಇದೆ, ಪೆಟ್ರೋಲ್ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟವಾಗುತ್ತದೆ, ಎಲ್ಲರಿಗೂ ತಿಳಿಸಿ’. ಎರಡನೆಯದು ಫೋಟೊ: ಹೊಸ ಕಾರು, ಮುಂದಿನ ಸೀಟಿನಲ್ಲಿ ದೊಡ್ಡಮ್ಮ, ಅವರ ತೊಡೆಯ ಮೇಲೆ ಎರಡು ವರ್ಷದ ಮೊಮ್ಮಗಳು, ಕೆಳಗೆ ‘ಧರ್ಮಸ್ಥಳಕ್ಕೆ ಹೊರಟೆವು’ ಎಂಬ ಸಾಲು. ಫಾರ್ವರ್ಡ್ ನೋಡಿ ಎಲ್ಲರೂ ಹೆದರಿದರು. ಫೋಟೊಗೆ ಎಲ್ಲರೂ ಹಾರ್ಟ್ ಒತ್ತಿದರು.

ಆದರೆ ಅಪಾಯ ಇದ್ದದ್ದು ಆ ಫೋಟೊದಲ್ಲಿ. ಕಾರಿನ ಬಗ್ಗೆ ಬರುವ ಹೆಚ್ಚಿನ ಫಾರ್ವರ್ಡ್‌ಗಳು ಇಲ್ಲದ ಅಪಾಯಕ್ಕೆ ಹೆದರಿಸುತ್ತವೆ, ಇರುವ ಅಪಾಯದ ಬಗ್ಗೆ ಸುಮ್ಮನಿರುತ್ತವೆ. ಹಾಗಾಗಿ ಕುಟುಂಬಕ್ಕೆ ಕಾರು ಕೊಳ್ಳುವವರು ಮತ್ತು ಈಗಾಗಲೇ ಕಾರು ಇರುವವರು ನಿಜಕ್ಕೂ ತಿಳಿದಿರಬೇಕಾದ ಸಂಗತಿಗಳನ್ನು ಒಂದೊಂದಾಗಿ ನೋಡೋಣ.

ಹೇಳಿಕೆ 1: ‘ಮೈಲೇಜ್ ಕೊಡುವ ಕಾರೇ ಒಳ್ಳೆಯ ಕಾರು’

ಅರ್ಧ ನಿಜ. ಕಂಪನಿ ಹೇಳುವ ಮೈಲೇಜ್ ಪ್ರಯೋಗಾಲಯದಲ್ಲಿ, ರೋಲರ್ ಮೇಲೆ ಚಕ್ರ ಓಡಿಸಿ ಅಳೆದದ್ದು. ಅಲ್ಲಿ ಸಿಗ್ನಲ್ ಇಲ್ಲ, ಘಾಟಿ ಇಲ್ಲ, ಐದು ಜನರ ಭಾರವೂ ಇಲ್ಲ. ಎರಡು ಕಾರುಗಳನ್ನು ಹೋಲಿಸಲು ಆ ಅಂಕಿ ಸಾಕು. ನಿಮ್ಮ ಊರಿನ ರಸ್ತೆಯಲ್ಲಿ ಅಷ್ಟೇ ಸಿಗುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಕಾರಿನ ನಿಜವಾದ ಮೈಲೇಜ್ ಬೇಕಾದರೆ ಒಮ್ಮೆ ಆಟೊ ಕಟ್ ಆಗುವವರೆಗೆ ಪೆಟ್ರೋಲ್ ತುಂಬಿಸಿ ಕಿಲೋಮೀಟರ್ ಬರೆದಿಡಿ. ಮುಂದಿನ ಸಲ ಮತ್ತೆ ಆಟೊ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿ.

ಮೈಲೇಜಿನಿಂದ ಎಷ್ಟು ಉಳಿಯುತ್ತದೆ ಎಂಬುದು ನೀವು ಎಷ್ಟು ಓಡಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಒಂದು ಕಾರು ಲೀಟರಿಗೆ 15 ಕಿ.ಮೀ., ಇನ್ನೊಂದು 20 ಕಿ.ಮೀ. ಕೊಡುತ್ತದೆ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದುಕೊಳ್ಳಿ. ತಿಂಗಳಿಗೆ 300 ಕಿ.ಮೀ. ಓಡಿಸುವ ಮನೆಗೆ ವ್ಯತ್ಯಾಸ 500 ರೂಪಾಯಿ. ತಿಂಗಳಿಗೆ 1500 ಕಿ.ಮೀ. ಓಡಿಸುವವರಿಗೆ 2500 ರೂಪಾಯಿ. ಮಕ್ಕಳನ್ನು ಶಾಲೆಗೆ ಬಿಡುವುದು, ತರಕಾರಿ ತರುವುದು, ಹಬ್ಬಕ್ಕೆ ಊರಿಗೆ ಹೋಗುವುದು ಇಷ್ಟೇ ಕೆಲಸವಿದ್ದರೆ, ಒಂದೆರಡು ಕಿ.ಮೀ. ಹೆಚ್ಚು ಮೈಲೇಜಿಗಾಗಿ ಸುರಕ್ಷತೆಯನ್ನು ಬಿಟ್ಟುಕೊಡಬೇಕಾಗಿಲ್ಲ.

ಹೇಳಿಕೆ 2: ‘ತಗಡು ದಪ್ಪ ಇದ್ದರೆ ಕಾರು ಗಟ್ಟಿ’

ಸುಳ್ಳು. ಶೋರೂಮಿನಲ್ಲಿ ಬಾನೆಟ್ ಮೇಲೆ ಹೆಬ್ಬೆರಳು ಒತ್ತಿ, ಬಾಗಿಲು ‘ಧಡ್’ ಎಂದು ಹಾಕಿ ಗಟ್ಟಿತನ ನೋಡುವವರು ಇದ್ದಾರೆ. ಹೊರಗೆ ಕಾಣುವ ತಗಡು ಮುಖ್ಯವಾಗಿ ಹೊದಿಕೆ. ಡಿಕ್ಕಿಯಾದಾಗ ನಿಮ್ಮನ್ನು ಕಾಯುವುದು ಒಳಗಿನ ರಚನೆ. ಕಾರಿನ ಮೂತಿಯ ಭಾಗ ಮುದುಡಿಕೊಂಡು ಹೊಡೆತವನ್ನು ಹೀರಬೇಕು, ಜನ ಕೂರುವ ಕೋಣೆ ಮಾತ್ರ ಮುದುಡಬಾರದು. ‘ಮುಂಭಾಗ ಪೂರ್ತಿ ನಜ್ಜುಗುಜ್ಜಾಗಿದೆ, ಕಳಪೆ ಕಾರು’ ಎಂಬ ಫೋಟೊ ಬಂದರೆ, ಒಳಗಿನ ಕೋಣೆ ಹೇಗಿದೆ ಎಂದು ನೋಡಿ.

ಇದನ್ನು ಅಳೆಯುವುದು ಕ್ರ್ಯಾಷ್ ಟೆಸ್ಟ್. ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಮುಂಭಾಗದ ಪರೀಕ್ಷೆಯಲ್ಲಿ ಕಾರನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ತಡೆಗೆ ಗುದ್ದಿಸುತ್ತಾರೆ. ಇಲ್ಲಿ ಎರಡು ಬೇರೆ ಬೇರೆ ಸ್ಟಾರ್‌ಗಳಿವೆ: ದೊಡ್ಡವರ ಸುರಕ್ಷತೆಗೆ ಒಂದು, ಮಕ್ಕಳ ಸುರಕ್ಷತೆಗೆ ಇನ್ನೊಂದು. ಜಾಹೀರಾತಿನಲ್ಲಿ ‘5 ಸ್ಟಾರ್’ ಎಂದಿದ್ದರೆ ಯಾವುದಕ್ಕೆ ಎಂದು ಕೇಳಿ. ಇನ್ನೊಂದು ಮಾತು: ಏರ್‌ಬ್ಯಾಗ್ ಆರು ಇದ್ದ ಮಾತ್ರಕ್ಕೆ ಐದು ಸ್ಟಾರ್ ಎಂದಲ್ಲ. ಏರ್‌ಬ್ಯಾಗ್‌ಗಳ ಸಂಖ್ಯೆ ಬೇರೆ, ಕಾರಿನ ರಚನೆಯ ಬಲ ಬೇರೆ.

ಶೋರೂಮಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು ಮೂರು ವಿಷಯ ನೋಡಿ. ನಡುವೆ ಕೂರುವವರಿಗೂ ಭುಜದ ಮೇಲೆ ಬರುವ ಬೆಲ್ಟ್ ಇದೆಯೇ? ಹೆಡ್‌ರೆಸ್ಟ್ ಇದೆಯೇ? ಚೈಲ್ಡ್ ಸೀಟ್ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆಗಳಿವೆಯೇ? ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕರೆದೊಯ್ದು ಹತ್ತಿ ಇಳಿಯಲು ಹೇಳಿ. ಮಂಡಿನೋವಿನವರಿಗೆ ಸೀಟು ಬಹಳ ಕೆಳಗಿದ್ದರೂ ಕಷ್ಟ, ಬಹಳ ಎತ್ತರವಿದ್ದರೂ ಕಷ್ಟ. ಟೆಸ್ಟ್ ಡ್ರೈವ್‌ಗೆ ಓಡಿಸುವವರು ಮಾತ್ರ ಹೋದರೆ ಇದು ಗೊತ್ತಾಗುವುದಿಲ್ಲ.

ಹೇಳಿಕೆ 3: ‘ಹಿಂದೆ ಕೂತರೆ ಬೆಲ್ಟ್ ಬೇಡ’

ಅಪಾಯಕಾರಿ ಸುಳ್ಳು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡರು. ಕಾರು ದುಬಾರಿಯದು, ಏರ್‌ಬ್ಯಾಗ್‌ಗಳೂ ಇದ್ದವು. ಮುಂದೆ ಕೂತಿದ್ದ ಇಬ್ಬರು ಗಾಯಗೊಂಡರೂ ಬದುಕಿದರು, ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಹಿಂದಿನವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ತಿಳಿಸಿದ್ದರು.

ಕಾರಣ ಸರಳ. ಕಾರು 50 ಕಿ.ಮೀ. ವೇಗದಲ್ಲಿದ್ದರೆ ನೀವೂ 50 ಕಿ.ಮೀ. ವೇಗದಲ್ಲಿರುತ್ತೀರಿ. ಗುದ್ದಿದಾಗ ಕಾರು ನಿಲ್ಲುತ್ತದೆ, ನಿಮ್ಮ ದೇಹ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಅದು ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ, ಬಿದ್ದ ವೇಗಕ್ಕೆ ಸಮ. ಬೆಲ್ಟ್ ಇಲ್ಲದೆ ಹಿಂದೆ ಕೂತವರು ಮುಂದಿನವರ ಬೆನ್ನಿಗೆ ಬಂದು ಬೀಳುತ್ತಾರೆ, ಅವರ ಜೀವಕ್ಕೂ ಕುತ್ತು ತರುತ್ತಾರೆ. ಏರ್‌ಬ್ಯಾಗ್ ಬೆಲ್ಟಿಗೆ ಬದಲಿ ಅಲ್ಲ, ಬೆಲ್ಟಿನ ಜೊತೆಗೆ ಕೆಲಸ ಮಾಡುವ ಸಾಧನ.

‘ಬೆಲ್ಟ್ ಹಾಕಿದರೆ ಬೆಂಕಿ ಬಿದ್ದಾಗ ಸಿಕ್ಕಿಹಾಕಿಕೊಳ್ಳುತ್ತೇವೆ’ ಎನ್ನುವವರಿದ್ದಾರೆ. ಪ್ರಜ್ಞೆ ಇದ್ದವರು ಬೆಲ್ಟ್ ಬಿಚ್ಚಿ ಹೊರಬರಬಹುದು. ಆ ಪ್ರಜ್ಞೆಯನ್ನು ಉಳಿಸುವುದೇ ಬೆಲ್ಟ್. ಗರ್ಭಿಣಿಯರೂ ಹಾಕಬೇಕು: ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಯ ಮೇಲೆ ಬರಬೇಕು. ಭುಜದ ಪಟ್ಟಿ ಎದೆಯ ನಡುವಿನಿಂದ ಹಾದು ಹೊಟ್ಟೆಯ ಪಕ್ಕಕ್ಕೆ ಹೋಗಬೇಕು.

ಬೆಲ್ಟ್ ಹಾಕದಿದ್ದರೆ ಬರುವ ‘ಬೀಪ್’ ಸದ್ದು ನಿಲ್ಲಿಸಲು ಖಾಲಿ ಕ್ಲಿಪ್ ಮಾರುತ್ತಿದ್ದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಅವನ್ನು ತೆಗೆಯಲು ಆದೇಶಿಸಿತು. ನಿಮ್ಮ ಕಾರಿನಲ್ಲಿದ್ದರೆ ಇವತ್ತೇ ಎಸೆಯಿರಿ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿದ್ದರೆ ಅದನ್ನೂ ತೆಗೆಸಿ. ಅದು ಮೂತಿ ಮುದುಡುವುದಕ್ಕೂ ಏರ್‌ಬ್ಯಾಗ್ ಸೆನ್ಸರ್‌ಗೂ ಅಡ್ಡಿ. ಅಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳಲು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಹೇಳಿಕೆ 4: ‘ತಾಯಿಯ ತೊಡೆಯೇ ಮಗುವಿಗೆ ಸುರಕ್ಷಿತ’

ಇದನ್ನು ಒಪ್ಪುವುದು ಕಷ್ಟ, ಆದರೆ ಇದೂ ಸುಳ್ಳು. ಲೆಕ್ಕ ನೋಡಿ. ಮಗುವಿನ ತೂಕ 10 ಕಿಲೊ, ಕಾರಿನ ವೇಗ 50 ಕಿ.ಮೀ., ಅದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದುಕೊಳ್ಳಿ. ಆ ಕ್ಷಣದಲ್ಲಿ ಮಗುವನ್ನು ಹಿಡಿದಿಟ್ಟುಕೊಳ್ಳಲು ಸುಮಾರು 140 ಕಿಲೊ ಭಾರ ತಡೆಯುವಷ್ಟು ಬಲ ಬೇಕು. ಎಷ್ಟು ಪ್ರೀತಿಯಿದ್ದರೂ ಯಾವ ಕೈಗೂ ಅದು ಸಾಧ್ಯವಿಲ್ಲ. ಮುಂದಿನ ಸೀಟಿನಲ್ಲಾದರೆ ಇನ್ನೂ ಕೆಟ್ಟದ್ದು. ಕಣ್ಣು ಮಿಟುಕಿಸುವುದರೊಳಗೆ ಉಬ್ಬುವ ಏರ್‌ಬ್ಯಾಗ್ ದೊಡ್ಡವರ ಎದೆಗೆಂದು ಮಾಡಿದ್ದು, ಅದು ಮಗುವಿನ ತಲೆಗೆ ಬಡಿಯುತ್ತದೆ. ದೊಡ್ಡವರ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿ ಕಟ್ಟುವುದೂ ತಪ್ಪು, ದೊಡ್ಡವರ ಭಾರವೇ ಮಗುವನ್ನು ಅದುಮುತ್ತದೆ.

ಪರಿಹಾರ ಚೈಲ್ಡ್ ಸೀಟ್, ಅದೂ ಹಿಂದಿನ ಸೀಟಿನಲ್ಲಿ. ಹಸುಗೂಸುಗಳಿಗೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರುವ ಸೀಟು, ಬೆಳೆದಂತೆ ಮುಂದಕ್ಕೆ ಮುಖದ ಸೀಟು, ಆಮೇಲೆ ಬೂಸ್ಟರ್. ಕನಿಷ್ಠ 135 ಸೆಂ.ಮೀ. ಎತ್ತರವಾಗುವವರೆಗೆ ದೊಡ್ಡವರ ಬೆಲ್ಟ್ ಮಾತ್ರ ಮಕ್ಕಳಿಗೆ ಸರಿಹೊಂದುವುದಿಲ್ಲ, ಅದು ಕುತ್ತಿಗೆ ಮತ್ತು ಹೊಟ್ಟೆಯ ಮೇಲೆ ಬರುತ್ತದೆ. ಇದು ಬರೀ ಸಲಹೆಯಲ್ಲ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಚೈಲ್ಡ್ ಸೀಟಿನಲ್ಲಿ ಕೂರಿಸದಿದ್ದರೆ 1000 ರೂಪಾಯಿ ದಂಡ.

ಹೇಳಿಕೆ 5: ‘ಕಿಟಕಿ ಸ್ವಲ್ಪ ಇಳಿಸಿದರೆ ಮಗು ಕಾರಿನಲ್ಲಿರಬಹುದು’

ಸುಳ್ಳು. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪ ಮೊದಲ 10 ನಿಮಿಷದಲ್ಲೇ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಹೊರಗೆ 35 ಇದ್ದರೆ ಒಳಗೆ 45. ಕಿಟಕಿ ಎರಡು ಬೆರಳು ಇಳಿಸಿದರೆ ಹೆಚ್ಚು ವ್ಯತ್ಯಾಸವಾಗದು. ಗಾಜಿನ ಮೂಲಕ ಬಂದ ಬಿಸಿಲು ಡ್ಯಾಶ್‌ಬೋರ್ಡ್ ಮತ್ತು ಸೀಟನ್ನು ಕಾಯಿಸುತ್ತದೆ, ಅವು ಒಳಗಿನ ಗಾಳಿಯನ್ನು ಕಾಯಿಸುತ್ತವೆ. ಮಕ್ಕಳ ದೇಹ ದೊಡ್ಡವರಿಗಿಂತ ಬಹಳ ಬೇಗ ಬಿಸಿಯಾಗುತ್ತದೆ.

2025ರ ಮೇ ತಿಂಗಳಲ್ಲಿ ಆಂಧ್ರಪ್ರದೇಶದ ವಿಜಯನಗರಂ ಬಳಿಯ ದ್ವಾರಪುಡಿಯಲ್ಲಿ ಆಟವಾಡುತ್ತಾ ನಿಂತ ಕಾರಿನೊಳಗೆ ಹೋದ ನಾಲ್ಕು ಮಕ್ಕಳು ಬಾಗಿಲು ಲಾಕ್ ಆಗಿ ಪ್ರಾಣ ಕಳೆದುಕೊಂಡರು. ಕಾರು ಮನೆ ಮುಂದೆಯೇ ನಿಂತಿದ್ದರೂ ಯಾವಾಗಲೂ ಲಾಕ್ ಮಾಡಿ, ಕೀಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಮಗು ಕಾಣದಿದ್ದರೆ ಬಾವಿ, ನೀರಿನ ತೊಟ್ಟಿಯ ಜೊತೆಗೆ ಕಾರಿನೊಳಗೂ ಡಿಕ್ಕಿಯೊಳಗೂ ಕೂಡಲೇ ನೋಡಿ.

ಹೇಳಿಕೆ 6: ‘ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಡಿಮೆ ಹಾಕಿಸಿ’

ಸುಳ್ಳು. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಹೆಚ್ಚು ಬಾಗುತ್ತವೆ, ಹೆಚ್ಚು ಬಿಸಿಯಾಗುತ್ತವೆ, ಸಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ತಾಸುಗಟ್ಟಲೆ ವೇಗವಾಗಿ ಹೋಗುವಾಗ ಇದು ಮುಖ್ಯ. ಸರಿಯಾದ ಒತ್ತಡ ಎಷ್ಟೆಂದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುತ್ತದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಒತ್ತಡ, ಅದನ್ನು ಹಾಕಿಸಬೇಡಿ. ಟೈರ್ ತಣ್ಣಗಿರುವಾಗಲೇ ಅಳೆಯಿರಿ. ನೈಟ್ರೋಜನ್ ಕಡ್ಡಾಯವಲ್ಲ, ಸಾಮಾನ್ಯ ಗಾಳಿಯಲ್ಲೇ 78% ನೈಟ್ರೋಜನ್ ಇದೆ.

ಟೈರಿಗೆ ವಯಸ್ಸೂ ಇದೆ. ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಮೊದಲು ಇದನ್ನು ನೋಡಿ. ಗೀರುಗಳ ಆಳ 1.6 ಮಿ.ಮೀ.ಗೆ ಇಳಿದಿದ್ದರೆ ಟೈರ್ ಬದಲಿಸಲೇಬೇಕು.

ಹೇಳಿಕೆ 7: ಪೆಟ್ರೋಲ್ ಫಾರ್ವರ್ಡ್‌ಗಳು

*‘ಫುಲ್ ಟ್ಯಾಂಕ್ ಸಿಡಿಯುತ್ತದೆ’:* ಸುಳ್ಳು. ಪೆಟ್ರೋಲ್ ಹಿಗ್ಗಲು ಮತ್ತು ಆವಿಯಾಗಲು ಟ್ಯಾಂಕಿನಲ್ಲಿ ಜಾಗ ಬಿಟ್ಟೇ ವಿನ್ಯಾಸ ಮಾಡಿರುತ್ತಾರೆ. ಇಂಡಿಯನ್ ಆಯಿಲ್ ಕೂಡ ಇದನ್ನು ಅಲ್ಲಗಳೆದಿದೆ. ಆಟೊ ಕಟ್ ಆದ ಮೇಲೆ ಮತ್ತೆ ತುರುಕಿಸಬೇಡಿ, ಅಷ್ಟು ಸಾಕು.

*‘ಬೆಳಿಗ್ಗೆ ಹಾಕಿಸಿದರೆ ಹೆಚ್ಚು ಸಿಗುತ್ತದೆ’:* ಲಾಭವಿಲ್ಲ. ಬಂಕಿನ ಟ್ಯಾಂಕ್ ನೆಲದಡಿಯಲ್ಲಿದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ತಾಪ ಹೆಚ್ಚು ಬದಲಾಗದು. 2 ಡಿಗ್ರಿ ವ್ಯತ್ಯಾಸವಾಯಿತೆಂದೇ ಇಟ್ಟುಕೊಂಡರೂ 30 ಲೀಟರಿಗೆ ಸಿಗುವುದು 60 ಮಿ.ಲೀ. ಹತ್ತಿರ, ಅಂದರೆ ಆರು ರೂಪಾಯಿ.

*‘ಇ20 ಪೆಟ್ರೋಲಿನಿಂದ ಮೈಲೇಜ್ ಅರ್ಧವಾಗುತ್ತದೆ’:* ಉತ್ಪ್ರೇಕ್ಷೆ, ಆದರೆ ಸ್ವಲ್ಪ ಸತ್ಯವಿದೆ. ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ ಇದೆ. ನೀತಿ ಆಯೋಗದ 2021ರ ವರದಿಯ ಅಂದಾಜಿನಂತೆ ಹಳೆಯ ವಿನ್ಯಾಸದ ಕಾರುಗಳಲ್ಲಿ ಇಳಿಕೆ 6–7%, ಇ20ಗೆ ಹೊಂದಿಸಿದ ಕಾರುಗಳಲ್ಲಿ 1–2%. 2023ರ ಏಪ್ರಿಲ್‌ಗಿಂತ ಹಳೆಯ ಕಾರಾದರೆ ಮ್ಯಾನುಯಲ್ ನೋಡಿ, ಸರ್ವಿಸ್‌ನಲ್ಲಿ ರಬ್ಬರ್ ಪೈಪು, ಗ್ಯಾಸ್ಕೆಟ್ ಪರೀಕ್ಷಿಸಲು ಹೇಳಿ.

ಹಾಗಾದರೆ ಏನನ್ನು ಫಾರ್ವರ್ಡ್ ಮಾಡೋಣ?

ನಮ್ಮ ಮನೆಯ ಕತೆ ಹೇಳಿ ಮುಗಿಸುತ್ತೇನೆ. ಆ ಫೋಟೊದ ಕೆಳಗೆ ಚೈಲ್ಡ್ ಸೀಟ್ ಬಗ್ಗೆ ಬರೆದಾಗ ‘ನಾವೆಲ್ಲ ಹೀಗೇ ಬೆಳೆದವರಲ್ಲವೇ?’ ಎಂಬ ಉತ್ತರ ಬಂತು. ಹೌದು, ಬೆಳೆದವರು ನಾವು. ಬೆಳೆಯದೇ ಹೋದವರು ಗ್ರೂಪಿನಲ್ಲಿ ಉತ್ತರ ಬರೆಯುವುದಿಲ್ಲ. ಕೊನೆಗೆ ಸೀಟು ಬಂತು. ಮಗು ಎರಡು ಪ್ರಯಾಣಗಳಲ್ಲಿ ಅತ್ತಳು, ಮೂರನೆಯದರಲ್ಲಿ ನಿದ್ದೆ ಮಾಡಿದಳು. ಈಗ ‘ನನ್ನ ಸೀಟು’ ಎಂದು ಬೇರೆಯವರನ್ನು ಕೂರಲು ಬಿಡುವುದಿಲ್ಲ.

ನಿಮ್ಮ ಗ್ರೂಪಿಗೆ ಕಳುಹಿಸಲು ಇಷ್ಟು ಸಾಕು:

- ಹಿಂದಿನ ಸೀಟಿನಲ್ಲೂ ಎಲ್ಲರೂ ಬೆಲ್ಟ್ ಹಾಕಿ, ಹತ್ತಿರದ ಊರಿಗೆ ಹೋಗುವಾಗಲೂ.
- ಮಗು ತೊಡೆಯ ಮೇಲಲ್ಲ, ಹಿಂದೆ ಚೈಲ್ಡ್ ಸೀಟಿನಲ್ಲಿ.
- ನಿಂತ ಕಾರಿನಲ್ಲಿ ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ಮನೆಯಲ್ಲಿ ಕಾರು ಸದಾ ಲಾಕ್ ಆಗಿರಲಿ.
- ತಿಂಗಳಿಗೊಮ್ಮೆ ಟೈರಿನ ಗಾಳಿ ನೋಡಿ, ವರ್ಷಕ್ಕೊಮ್ಮೆ ಟೈರಿನ ವಯಸ್ಸು ನೋಡಿ.
- ಹೊಸ ಕಾರು ಕೊಳ್ಳುವಾಗ ‘ಎಷ್ಟು ಕೊಡುತ್ತೆ?’ ಎನ್ನುವ ಮೊದಲು ‘ಮಕ್ಕಳ ಸುರಕ್ಷತೆಗೆ ಎಷ್ಟು ಸ್ಟಾರ್?’ ಎಂದು ಕೇಳಿ.