ಸಣ್ಣ ಉದ್ಯಮಿಗಳಿಗೆ ಮಾರ್ಗದರ್ಶನ ಸೇವೆ: ಅವಶ್ಯಕತೆ ಮತ್ತು ಪ್ರಯೋಜನಗಳು

ಪೀಠಿಕೆ

ತರಬೇತಿಯು ಕಸುಬನ್ನು ಕಲಿಸುತ್ತದೆ; ಸಾಲವು ಬಂಡವಾಳವನ್ನು ಒದಗಿಸುತ್ತದೆ. ಆದರೆ ಉದ್ರಿ, ದಾಸ್ತಾನು ಹಾಗೂ ಸಾಲದ ಕಂತಿನ ಸಮಸ್ಯೆಗಳು ಎದುರಾಗುವುದು ವ್ಯವಹಾರ ಆರಂಭವಾದ ನಂತರವೇ. ಆ ಹಂತದಲ್ಲಿ ಅನುಭವಿಗಳು ಉದ್ಯಮಿಯ ಲೆಕ್ಕಪತ್ರಗಳನ್ನು ನಿಯಮಿತವಾಗಿ ಪರಿಶೀಲಿಸಿ ಸಲಹೆ ನೀಡುವ ವ್ಯವಸ್ಥೆಯೇ ಮಾರ್ಗದರ್ಶನ ಸೇವೆ.

ರಾಜ್ಯದಲ್ಲಿ ಬೆಳೆದುಬಂದ ಬಗೆ

1982ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಕೆನರಾ ಬ್ಯಾಂಕ್ ಹಾಗೂ ಅಂದಿನ ಸಿಂಡಿಕೇಟ್ ಬ್ಯಾಂಕ್‌ಗಳ ಸಹಯೋಗದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಸ್ಥಾಪನೆಯಾಯಿತು. ತರಬೇತಿ ಮುಗಿದ ಬಳಿಕವೂ ಎರಡು ವರ್ಷಗಳ ಕಾಲ ಅಭ್ಯರ್ಥಿಗಳ ಸಂಪರ್ಕದಲ್ಲಿರುವ ಅನುಸರಣಾ ಸೇವೆಯು ಇದರ ವೈಶಿಷ್ಟ್ಯ. ಈ ಮಾದರಿಯನ್ನು ಆಧರಿಸಿ 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಜಿಲ್ಲೆಗೊಂದು ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ (ಆರ್‌ಸೆಟಿ) ಸ್ಥಾಪಿಸುವ ಕಾರ್ಯಕ್ರಮವನ್ನು ಕೈಗೊಂಡಿತು. ಬೆಂಗಳೂರಿನಲ್ಲಿ 1983ರಲ್ಲಿ ಆರಂಭವಾದ ಮಹಿಳಾ ಉದ್ಯಮಿಗಳ ಸಂಘಟನೆ 'ಅವೇಕ್' ಸಹ ಹೊಸ ಉದ್ಯಮಿಗಳಿಗೆ ಸಲಹೆ ನೀಡುತ್ತಾ ಬಂದಿದೆ.

ಲಾಭವಿದ್ದರೂ ಹಣವಿಲ್ಲದ ಸ್ಥಿತಿ: ಒಂದು ಉದಾಹರಣೆ

ಕಡಕ್ ರೊಟ್ಟಿ ತಯಾರಿಸುವ ಘಟಕವೊಂದರ ಮಾಸಿಕ ಮಾರಾಟ ರೂ. 60,000, ನಗದು ವೆಚ್ಚ ರೂ. 48,000 ಎಂದು ಭಾವಿಸೋಣ. ಪುಸ್ತಕದಲ್ಲಿ ರೂ. 12,000 ಲಾಭ ಕಾಣುತ್ತದೆ. ಆದರೆ ಅಂಗಡಿಗಳು 45 ದಿನಗಳ ನಂತರ ಹಣ ಪಾವತಿಸಿದಲ್ಲಿ, ದಿನಕ್ಕೆ ರೂ. 1,600ರಂತೆ ಮೊದಲ ವಸೂಲಿಗೆ ಮುನ್ನವೇ ರೂ. 72,000 ವ್ಯಯವಾಗಿರುತ್ತದೆ. ಕೈಯಲ್ಲಿ ರೂ. 50,000 ಮಾತ್ರ ಇರುವ ಉದ್ಯಮಿಯ ಹಣ ಸುಮಾರು ಒಂದು ತಿಂಗಳಲ್ಲೇ ಮುಗಿದು, ಲಾಭದಾಯಕ ಘಟಕವೇ ಸ್ಥಗಿತಗೊಳ್ಳಬಹುದು. ವಸೂಲಿ ಅವಧಿಯನ್ನು 15 ದಿನಗಳಿಗೆ ಇಳಿಸಿದಲ್ಲಿ ರೂ. 24,000 ಸಾಕಾಗುತ್ತದೆ. ಹೊಸ ಸಾಲ ಬೇಕೋ, ಉದ್ರಿ ವಸೂಲಿ ಸಾಕೋ ಎಂಬುದನ್ನು ಸಕಾಲದಲ್ಲಿ ತೋರಿಸಿಕೊಡುವುದೇ ಮಾರ್ಗದರ್ಶಕರ ಮುಖ್ಯ ಕೆಲಸ.

ಇತರ ಪ್ರಯೋಜನಗಳು

1. ಸ್ವಂತ ದುಡಿಮೆಯ ಕೂಲಿಯನ್ನೂ ವೆಚ್ಚಕ್ಕೆ ಸೇರಿಸಿ ಸರಿಯಾದ ಬೆಲೆ ನಿಗದಿಪಡಿಸಬಹುದು.
2. ಮನೆಯ ಖರ್ಚು ಮತ್ತು ಉದ್ಯಮದ ಹಣವನ್ನು ಬೇರ್ಪಡಿಸುವ ಅಭ್ಯಾಸ ಬೆಳೆಯುತ್ತದೆ.
3. ಸಾಲದ ಕಂತು 90 ದಿನಗಳಿಗೂ ಮೀರಿ ಬಾಕಿ ಉಳಿದರೆ ಖಾತೆಯು ಅನುತ್ಪಾದಕ ಆಸ್ತಿಯಾಗುತ್ತದೆ. ಅದಕ್ಕೆ ಮೊದಲೇ ಬ್ಯಾಂಕನ್ನು ಸಂಪರ್ಕಿಸಲು ಸಾಧ್ಯವಾಗುತ್ತದೆ.
4. ಕಾನೂನಿನ ರಕ್ಷಣೆಯ ಅರಿವು ಮೂಡುತ್ತದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಅಧಿನಿಯಮದನ್ವಯ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಖರೀದಿದಾರರು ಹಣ ಪಾವತಿಸಲು ಒಪ್ಪಂದದಲ್ಲಿ ನಮೂದಿಸುವ ಅವಧಿ 45 ದಿನಗಳನ್ನು ಮೀರುವಂತಿಲ್ಲ. ವಿಳಂಬಕ್ಕೆ ಬಡ್ಡಿ ನೀಡಬೇಕಾಗುತ್ತದೆ. ಇದಕ್ಕೆ ಅನುಕೂಲವಾಗುವ ಉದ್ಯಮ್ ನೋಂದಣಿ ಉಚಿತ.

ಉದ್ಯಮಿಗಳ ಗಮನಕ್ಕೆ

ಮಾರ್ಗದರ್ಶಕರು ಸಲಹೆಗಾರರೇ ಹೊರತು ಪಾಲುದಾರರಲ್ಲ. ಅಂತಿಮ ನಿರ್ಧಾರ ಹಾಗೂ ಸಾಲದ ಹೊಣೆ ಉದ್ಯಮಿಯದೇ ಆಗಿರುತ್ತದೆ. ಭೇಟಿಯ ಸಂದರ್ಭದಲ್ಲಿ ಬ್ಯಾಂಕ್ ಪಾಸ್‌ಬುಕ್, ಖರೀದಿ ರಸೀದಿಗಳು ಮತ್ತು ಉದ್ರಿ ಪಟ್ಟಿಯನ್ನು ತಪ್ಪದೇ ತರತಕ್ಕದ್ದು. ನಷ್ಟವನ್ನು ಮರೆಮಾಚದೆ ತಿಳಿಸಿದಲ್ಲಿ ಮಾತ್ರ ಸಲಹೆಯು ಫಲಕಾರಿಯಾಗುತ್ತದೆ. ಆಸಕ್ತರು ತಮ್ಮ ಜಿಲ್ಲೆಯ ಕೈಗಾರಿಕಾ ಕೇಂದ್ರ ಅಥವಾ ಆರ್‌ಸೆಟಿಯನ್ನು ಸಂಪರ್ಕಿಸಬಹುದು.