ಬುಲ್ಸ್ ರಕ್ಷಣಾ ಸಾಲು: ಮೊದಲ ನಾಲ್ಕು ಪಂದ್ಯಗಳನ್ನು ನೋಡುವುದು ಹೇಗೆ?

ತಂಡ ಮತ್ತು ಅದರ ಅಭಿಮಾನಿಗಳು

2014ರಲ್ಲಿ ಎಂಟು ತಂಡಗಳೊಂದಿಗೆ ಪ್ರೊ ಕಬಡ್ಡಿ ಲೀಗ್ ಶುರುವಾದಾಗಿನಿಂದ ಬೆಂಗಳೂರು ಬುಲ್ಸ್ ಅದರಲ್ಲಿದೆ. ತವರು ಅಂಕಣ ಕಂಠೀರವ ಒಳಾಂಗಣ ಕ್ರೀಡಾಂಗಣ. ಬೆಂಗಳೂರಿನ ಬಾಪೂಜಿನಗರದವರಿಗೆ ಅದು ದೂರವೇನಲ್ಲ. ದೀಪಾಂಜಲಿನಗರದಲ್ಲಿ ಮೆಟ್ರೊ ಹತ್ತಿ ಕಬ್ಬನ್ ಪಾರ್ಕ್‌ನಲ್ಲಿ ಇಳಿದರಾಯಿತು. ಆದರೆ 2024ರ ಪಂದ್ಯಗಳು ಹೈದರಾಬಾದ್, ನೋಯ್ಡಾ, ಪುಣೆಗಳಲ್ಲಿ ಮುಗಿದವು. 2025ರವು ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಯಲ್ಲಿ ನಡೆದವು. ಹೀಗಾಗಿ ‘ಫುಲ್ ಚಾರ್ಜ್ ಮಾಡಿ’ ಎಂಬ ಅಭಿಮಾನಿಗಳ ಕೂಗು ಈಗ ಟಿ.ವಿ. ಮುಂದಿನ ಕೂಗಾಗಿದೆ.

ಟಿ.ವಿ.ಯಲ್ಲಿ ಕಬಡ್ಡಿ ನೋಡುವವರಿಗೆ ಒಂದು ತೊಡಕಿದೆ. ಕ್ಯಾಮೆರಾ ರೇಡರ್ ಹಿಂದೆ ಹೋಗುತ್ತದೆ, ಮರುದಿನದ ಪತ್ರಿಕೆಯೂ ರೇಡರ್ ಹೆಸರನ್ನೇ ಶೀರ್ಷಿಕೆಗೆ ಏರಿಸುತ್ತದೆ. ರಾಜ್ಯೋತ್ಸವ, ಗಣೇಶೋತ್ಸವಗಳ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಅಂಕಣದ ಅಂಚಿಗೇ ನಿಂತು ಆಟ ನೋಡಿದವರಿಗೆ ಮಾತ್ರ, ಪಂದ್ಯ ಕೈಜಾರುವುದು ಎಲ್ಲಿ ಎಂದು ಗೊತ್ತು. ಅದು ಬಹುತೇಕ ಕಾರ್ನರ್ ಮತ್ತು ಕವರ್ ನಡುವಿನ ಜಾಗ.

ಏಳು ಜನ, ನಾಲ್ವರು ಕೆಲಸಗಾರರು

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಲೈನ್, ಅದರಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಲೈನ್. ಒಂದು ರೇಡ್‌ಗೆ 30 ಸೆಕೆಂಡ್. ಎದುರಿಗೆ ಏಳು ಜನ ನಿಂತರೂ ಹಿಡಿಯುವುದನ್ನೇ ಕಸುಬಾಗಿಸಿಕೊಂಡವರು ಸಾಮಾನ್ಯವಾಗಿ ನಾಲ್ವರು: ಎಡ ಮತ್ತು ಬಲ ಕಾರ್ನರ್, ಎಡ ಮತ್ತು ಬಲ ಕವರ್. ಮಿಕ್ಕ ‘ಇನ್’ ಹಾಗೂ ಸೆಂಟರ್ ಸ್ಥಾನಗಳಲ್ಲಿ ತಂಡದ ರೇಡರ್‌ಗಳು ನಿಂತು ಕೈಜೋಡಿಸುತ್ತಾರೆ.

ಕಾರ್ನರ್ ಆಟಗಾರನದು ಕಾಯುವ ಕೆಲಸ. ರೇಡರ್ ಬೋನಸ್‌ಗಾಗಿ ಕಾಲು ಚಾಚಿದ ಕ್ಷಣದಲ್ಲಿ ಆ್ಯಂಕಲ್ ಹೋಲ್ಡ್, ತಿರುಗಿದಾಗ ಥೈ ಹೋಲ್ಡ್. ಕವರ್‌ನದು ಅದಕ್ಕೆ ವಿರುದ್ಧ ಸ್ವಭಾವ: ಓಡಿ ಬಂದು ಡ್ಯಾಶ್ ಮಾಡಿ ರೇಡರ್‌ನನ್ನು ಹೊರಗಟ್ಟಬೇಕು, ಇಲ್ಲವೇ ಮನೆಗೆ ಮರಳುವ ದಾರಿಗೆ ಅಡ್ಡ ನಿಂತು ಬ್ಲಾಕ್ ಮಾಡಬೇಕು. ಕಾರ್ನರ್ ಹಿಡಿದ ಕಾಲು ಬಿಡಿಸಿಕೊಂಡು ರೇಡರ್ ಗೆರೆ ಮುಟ್ಟುವುದಕ್ಕೆ ಅರ್ಧ ಸೆಕೆಂಡ್ ಸಾಕು. ಆ ಅರ್ಧ ಸೆಕೆಂಡಿನಲ್ಲಿ ಕವರ್ ಬಂದು ಬೀಳದಿದ್ದರೆ ಹಿಡಿದವನೂ ಔಟ್, ತಡವಾಗಿ ಮುಟ್ಟಿದವರೂ ಔಟ್.

ಎದುರಾಳಿ ಅಂಕಣದಲ್ಲಿ ಆರು ಅಥವಾ ಏಳು ಮಂದಿ ಇದ್ದಾಗ ಮಾತ್ರ ಬೋನಸ್ ಅಂಕ ಸಿಗುತ್ತದೆ. ಮೂವರು ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಸತತ ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು ‘ಡೂ ಆರ್ ಡೈ’. ಒಳ್ಳೆಯ ರಕ್ಷಣಾ ಸಾಲು ಈ ಮೂರನೆಯ ರೇಡ್ ತನಕ ತಾಳ್ಮೆಯಿಂದ ಕಾಯುತ್ತದೆ. ಕೆಟ್ಟ ಸಾಲು ಮೊದಲ ರೇಡಿಗೇ ಹಿಡಿಯಲು ಮುನ್ನುಗ್ಗುತ್ತದೆ.

ಅಂಕಪಟ್ಟಿಗೆ ಕಾಣದ ದುಡಿಮೆ

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳು ಋತುವಿನ ಆರಂಭದಲ್ಲಿ ಮಾತಾಡುವ ವಿಷಯಗಳಲ್ಲಿ ‘ಆಫೆನ್ಸಿವ್ ಲೈನ್’ ಎಂಬ ಐವರ ಸಾಲೂ ಒಂದು. ಚೆಂಡು ಎಸೆಯುವವನಿಗೆ ಗೋಡೆಯಾಗಿ ನಿಲ್ಲುವ ಈ ಐವರ ಹೆಸರಿನಲ್ಲಿ ಅಂಕ ಬರುವುದು ತೀರಾ ಅಪರೂಪ. ಕಬಡ್ಡಿಯ ಕವರ್ ಜೋಡಿಯ ಪಾಡೂ ಹೆಚ್ಚುಕಡಿಮೆ ಅದೇ. ನಾಲ್ವರು ಸೇರಿ ಹಿಡಿದರೂ ಟ್ಯಾಕಲ್ ಅಂಕ ಬರೆಯುವುದು ಒಬ್ಬನ ಹೆಸರಿಗೆ. ಬೆಂಬಲಕ್ಕೆ ಬಂದವನಿಗೆ ಏನೂ ಇಲ್ಲ. ‘ಹೈ ಫೈವ್’, ಅಂದರೆ ಒಂದೇ ಪಂದ್ಯದಲ್ಲಿ ಐದು ಟ್ಯಾಕಲ್ ಅಂಕ, ಗಳಿಸಿದ ಕಾರ್ನರ್ ಪಂದ್ಯದ ನಂತರ ಮೈಕ್ ಮುಂದೆ ನಿಲ್ಲುತ್ತಾನೆ, ಅವನ ಪಕ್ಕದ ಕವರ್ ಬಸ್ ಹತ್ತುತ್ತಾನೆ.

ಈ ಸಾಲು ತಾಲೀಮಿನಿಂದ ಕುದುರುವಂಥದ್ದು. ರೇಡರ್ ಒಬ್ಬನೇ ಫಾರ್ಮ್‌ಗೆ ಬರಬಹುದು. ನಾಲ್ವರು ಹಿಡಿತಗಾರರು ಒಬ್ಬರ ಉಸಿರು ಇನ್ನೊಬ್ಬರಿಗೆ ಅರ್ಥವಾಗುವಷ್ಟು ಜೊತೆಗೆ ಆಡಿರಬೇಕು. ಹರಾಜಿನಲ್ಲಿ ತಂಡ ತಲೆಕೆಳಗಾದ ವರ್ಷ ಮೊದಲ ಪಂದ್ಯಗಳಲ್ಲಿ ಕೈಹಿಡಿದು ನಿಂತವರ ಚೈನ್ ಒಡೆಯುವುದು ಇದೇ ಕಾರಣಕ್ಕೆ.

ಪವನ್ ಕಾಲ: ವಾದಕ್ಕೆ ಅಡ್ಡಬರುವ ಕಪ್

ಇಷ್ಟೆಲ್ಲ ಹೇಳಿದ ಮೇಲೂ, ಬುಲ್ಸ್ ಗೆದ್ದ ಏಕೈಕ ಪ್ರಶಸ್ತಿ ರೇಡರ್ ಗೆದ್ದುಕೊಟ್ಟದ್ದು. 2019ರ ಜನವರಿ 5ರಂದು ಮುಂಬೈನಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ವಿರುದ್ಧ ಬುಲ್ಸ್ ವಿರಾಮದ ವೇಳೆಗೆ 9–16ರಿಂದ ಹಿಂದಿತ್ತು. ಕೊನೆಗೆ 38–33ರಿಂದ ಗೆದ್ದಿತು. ಲೆಕ್ಕ ಹಾಕಿ ನೋಡಿ: ಗುಜರಾತ್ ಮೊದಲಾರ್ಧದಲ್ಲಿ 16, ದ್ವಿತೀಯಾರ್ಧದಲ್ಲಿ 17 ಅಂಕ ಪಡೆದಿದೆ. ಬುಲ್ಸ್ ಬಿಟ್ಟುಕೊಟ್ಟ ಅಂಕ ಕಡಿಮೆಯಾಗಲಿಲ್ಲ, ಗಳಿಸಿದ್ದು 9ರಿಂದ 29ಕ್ಕೆ ಹಾರಿತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು.

ಅದೇ ವರ್ಷ ಅಕ್ಟೋಬರ್‌ನಲ್ಲಿ, ಏಳನೇ ಆವೃತ್ತಿಯಲ್ಲಿ, ಹರಿಯಾಣ ಸ್ಟೀಲರ್ಸ್ ವಿರುದ್ಧ ಒಂದೇ ಪಂದ್ಯದಲ್ಲಿ ಪವನ್ 39 ಅಂಕ ಗಳಿಸಿದರು. ಆ ಆವೃತ್ತಿಯಲ್ಲಿ ಅವರ ರೇಡ್ ಅಂಕ 346. ಆದರೂ ತಂಡ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ ಸೋತಿತು. ಎಂಟನೇ ಆವೃತ್ತಿಯಲ್ಲೂ ಸೆಮಿಫೈನಲ್, ಮತ್ತೆ ಅದೇ ಡೆಲ್ಲಿ ಎದುರು ಸೋಲು. ಮಹೇಂದರ್ ಸಿಂಗ್ ಕವರ್‌ನಲ್ಲಿ, ಸೌರಭ್ ನಂದಲ್ ಬಲ ಕಾರ್ನರ್‌ನಲ್ಲಿ ದುಡಿದರೂ ತಂಡದ ಯೋಜನೆ ಪವನ್ ಸುತ್ತಲೇ ಇತ್ತು. ಒಬ್ಬ ರೇಡರ್ ಒಂದು ಕಪ್ ಗೆಲ್ಲಿಸಬಲ್ಲ, ಪ್ರತಿ ವರ್ಷ ಗೆಲ್ಲಿಸಲಾರ ಎಂಬುದು ನನ್ನ ಅಂದಾಜು.

2024: ದೊಡ್ಡ ಹೆಸರು, ಕೊನೆಯ ಸ್ಥಾನ

ಹನ್ನೊಂದನೇ ಆವೃತ್ತಿಗೆ ಬುಲ್ಸ್ ಕರೆತಂದದ್ದು ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೇಡ್ ಅಂಕ ಗಳಿಸಿದ ಪರ್ದೀಪ್ ನರ್ವಾಲ್ ಅವರನ್ನು. ನಾಯಕತ್ವವೂ ಅವರದೇ. ಮೊದಲ ಪಂದ್ಯ ತೆಲುಗು ಟೈಟನ್ಸ್ ಎದುರು 29–37ರ ಸೋಲು, ಮೂರನೆಯದು ಯು.ಪಿ. ಯೋಧಾಸ್ ಎದುರು 36–57ರ ಸೋಲು. ನಾಲ್ಕು ಸೋತ ಮೇಲೆ ಡೆಲ್ಲಿ ವಿರುದ್ಧ ಒಂದೇ ಅಂಕದ ಗೆಲುವು. ‘ಇನ್ನೂ ಹದಿನೇಳು ಪಂದ್ಯ ಇದೆ’ ಎನ್ನುವ ಸಮಾಧಾನ ಫಲಿಸಲಿಲ್ಲ. 22 ಪಂದ್ಯಗಳಲ್ಲಿ ಎರಡೇ ಗೆಲುವಿನೊಂದಿಗೆ ತಂಡ 12ನೇ ಸ್ಥಾನಕ್ಕೆ, ಅಂದರೆ ತಳಕ್ಕೆ, ಕುಸಿಯಿತು.

ಇಲ್ಲಿ ಗಮನಿಸಬೇಕಾದ ಅಂಕಿ 57. ಆ ಪಂದ್ಯದಲ್ಲಿ ಬುಲ್ಸ್ ಗಳಿಸಿದ 36 ಅಂಕ ಎಷ್ಟೋ ದಿನ ಗೆಲುವಿಗೆ ಸಾಕಾಗುವಂಥದ್ದು. 57 ಬಿಟ್ಟುಕೊಡುವ ಸಾಲಿಗೆ ಯಾವ ರೇಡರ್ ಬಂದರೂ ಕಷ್ಟ.

2025: ಸೋಲಿನಲ್ಲೂ ಬೇರೆ ಗುರುತು

ಹನ್ನೆರಡನೇ ಆವೃತ್ತಿಗೆ ಬಿ.ಸಿ. ರಮೇಶ್ ಮುಖ್ಯ ಕೋಚ್ ಆದರು. ಕರ್ನಾಟಕದ ಈ ಅರ್ಜುನ ಪ್ರಶಸ್ತಿ ಪುರಸ್ಕೃತರು 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೆ ಕಪ್ ಗೆಲ್ಲಿಸಿದ್ದರು. ಪುಣೆಯ ಆ ತಂಡದಲ್ಲಿ ಇರಾನಿನ ಶಾದ್ಲೂ ಒಬ್ಬರೇ 99 ಟ್ಯಾಕಲ್ ಅಂಕ ಗಳಿಸಿದ್ದರು. ಬುಲ್ಸ್‌ಗೆ ಬಂದ ರಮೇಶ್ ಯೋಗೇಶ್ ದಹಿಯಾ, ದೀಪಕ್ ಶಂಕರ್ ಮುಂತಾದವರ ರಕ್ಷಣೆಯ ಮೇಲೆ ತಂಡ ಕಟ್ಟಿದರು. ರೇಡಿಂಗ್‌ಗೆ ಇರಾನಿನ ಹೊಸ ಮುಖ ಅಲಿರೆಜಾ ಮಿರ್ಜಾಯಿಯನ್.

ಆರಂಭ ಹಿಂದಿನ ವರ್ಷದಂತೆಯೇ ಕಂಡಿತು: ಮೊದಲ ಮೂರೂ ಪಂದ್ಯಗಳಲ್ಲಿ ಸೋಲು. ಆದರೆ ಮೊದಲನೆಯದು ಪುಣೇರಿ ಪಲ್ಟನ್ ಎದುರು 32–32ರ ಸಮಬಲ; ಟೈಬ್ರೇಕರ್‌ನಲ್ಲಿ 4–6ರಿಂದ ಕೈತಪ್ಪಿತು. ಲೀಗ್ ಹಂತದಲ್ಲಿ ಅಗ್ರಸ್ಥಾನಕ್ಕೆ ಹೋರಾಡಿದ ತಂಡವನ್ನು 32ಕ್ಕೆ ಕಟ್ಟಿಹಾಕಿದ ಸಾಲು ಅದು. ಯು ಮುಂಬಾ ಎದುರು ದೊಡ್ಡ ಅಂತರದಲ್ಲಿ ಸೋತದ್ದೂ ನಿಜ. ಆದರೆ ಮುಂದಿನ ಪಂದ್ಯದಲ್ಲಿ ಪಟ್ನಾ ಪೈರೇಟ್ಸ್ ಮೇಲೆ ಗೆಲುವು, ಅಲ್ಲಿಂದ ಓಟ. 18 ಪಂದ್ಯಗಳ ಲೀಗ್ ಮುಗಿದಾಗ ಬುಲ್ಸ್ ಮೂರನೇ ಸ್ಥಾನದಲ್ಲಿತ್ತು. ಪ್ಲೇಆಫ್‌ನಲ್ಲಿ ಟೈಟನ್ಸ್ ಮತ್ತು ಪಟ್ನಾಗೆ ಸೋತು ಹೊರಬಿದ್ದದ್ದು ಬೇರೆ ನೋವು.

ಆರಂಭದಲ್ಲಿ ಏನು ನೋಡಬೇಕು

ಮೊದಲ ಪಂದ್ಯದ ಫಲಿತಾಂಶ ಹೆಚ್ಚೇನೂ ಹೇಳುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಯು ಮುಂಬಾ ಎದುರು 30–46ರಿಂದ ಸೋತು ಶುರುಮಾಡಿದ ಬುಲ್ಸ್ ಆ ಆವೃತ್ತಿಯಲ್ಲಿ ಸೆಮಿಫೈನಲ್ ಆಡಿತು. ಅಂಕಪಟ್ಟಿಗಿಂತ ಹೆಚ್ಚು ಹೇಳುವುದು ಅನಗತ್ಯ ಟ್ಯಾಕಲ್‌ಗಳು: ರೇಡರ್ ಖಾಲಿ ಕೈಯಲ್ಲಿ ಮರಳುತ್ತಿದ್ದಾಗ ಹಿಂದಿನಿಂದ ಹಾರಿ ಅಂಕ ಕೊಟ್ಟವರು ಎಷ್ಟು ಮಂದಿ? ಕಾರ್ನರ್ ಕಾಲು ಹಿಡಿದಾಗ ಎರಡನೆಯ ಆಟಗಾರ ತಲುಪಿದನೇ? ತಂಡ ಮೂವರಿಗೆ ಇಳಿದಾಗ ಆಲ್‌ಔಟ್ ತಪ್ಪಿಸುವ ಸೂಪರ್ ಟ್ಯಾಕಲ್ ಬಂತೇ? ಆಲ್‌ಔಟ್ ಆದರೆ ಎದುರಾಳಿಗೆ ಹೆಚ್ಚುವರಿ ಎರಡು ಅಂಕ.

ನಾಲ್ಕು ಪಂದ್ಯಗಳ ಕೊನೆಗೆ ಅದೇ ಇಬ್ಬರು ಕವರ್‌ಗಳು ಬದಲಾಗದೆ ಆಡುತ್ತಿದ್ದಾರೆಯೇ ಎಂಬುದನ್ನೂ ನೋಡಿ. ಕೋಚ್ ಪ್ರತಿ ಪಂದ್ಯಕ್ಕೂ ಜೋಡಿ ಬದಲಿಸುತ್ತಿದ್ದರೆ ಅವರಿಗೇ ನಂಬಿಕೆ ಬಂದಿಲ್ಲ ಎಂದರ್ಥ. ಮುಂದಿನ ಆವೃತ್ತಿ ಶುರುವಾದಾಗ ರೇಡರ್ ಗಳಿಸಿದ ಅಂಕ ಬರೆದಿಡುವ ಬದಲು, ಬುಲ್ಸ್ ಬಿಟ್ಟುಕೊಟ್ಟ ಅಂಕವನ್ನು ಪ್ರತಿ ಪಂದ್ಯಕ್ಕೂ ಒಂದು ಚೀಟಿಯಲ್ಲಿ ಗುರುತು ಮಾಡಿಕೊಳ್ಳಿ. ನಾಲ್ಕರಲ್ಲಿ ಮೂರು ಪಂದ್ಯ 35ರೊಳಗಿದ್ದರೆ, ಸೋತಿದ್ದರೂ, ಪ್ಲೇಆಫ್ ದಿನಗಳಿಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.